ಮಂಗಳಕ್ಕೆ ಹೋಗಿಬರುವುದು ಒಂದು ಲೆಕ್ಕ, ಅಲ್ಲೇ ಉಳಿಯುವುದು ಇನ್ನೊಂದು

ಮನುಷ್ಯರು ಮಂಗಳ ಗ್ರಹಕ್ಕೆ ಹೋಗಬೇಕೆ, ಹೋದರೆ ಅಲ್ಲೇ ನೆಲೆಸಬೇಕೆ ಎಂಬ ಪ್ರಶ್ನೆ ಈಗ ದಿನಪತ್ರಿಕೆಯ ಪುಟಕ್ಕೇ ಬಂದಿದೆ. ಸ್ಪೇಸ್‌ಎಕ್ಸ್ ಕಂಪನಿ ಮಂಗಳದ ಹೆಸರು ಹೇಳಿಕೊಂಡೇ ಸ್ಟಾರ್‌ಶಿಪ್ ರಾಕೆಟ್ ಕಟ್ಟಲು ಹೊರಟಿತು. ಮಂಗಳದ ನೆಲದಲ್ಲಿ ಓಡಾಡುವ ಯಂತ್ರಗಾಡಿ ಪರ್ಸಿವಿಯರೆನ್ಸ್ ರೋವರ್ ಕೊರೆದ ಒಂದು ಕಲ್ಲಿನಲ್ಲಿ ಹಿಂದೆಂದೋ ಸೂಕ್ಷ್ಮಜೀವಿಗಳು ಇದ್ದಿರಬಹುದಾದ ಗುರುತು ಕಂಡಿದೆ ಎಂದು 2025ರ ಸೆಪ್ಟೆಂಬರ್‌ನಲ್ಲಿ ನಾಸಾ ಹೇಳಿತು. ಅದೇ ವರ್ಷ ಶುಭಾಂಶು ಶುಕ್ಲಾ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣಕ್ಕೆ ಹೋದಾಗ, ಧಾರವಾಡದ ಕೃಷಿ ವಿಶ್ವವಿದ್ಯಾಲಯದ ಪ್ರಯೋಗಕ್ಕಾಗಿ ಹೆಸರುಕಾಳು, ಮೆಂತ್ಯ ಕೂಡ ಜೊತೆಗೆ ಹೋಗಿ ಅಲ್ಲಿ ಮೊಳಕೆಯೊಡೆದವು.

ಈ ಚರ್ಚೆಯಲ್ಲಿ ಎರಡು ಬೇರೆ ಬೇರೆ ಕೆಲಸಗಳು ಕಲಸಿಹೋಗುತ್ತವೆ. ಅನ್ವೇಷಣೆ ಎಂದರೆ ನಾಲ್ಕಾರು ಜನ ಹೋಗಿ, ಕೆಲಸ ಮುಗಿಸಿ, ವಾಪಸ್ ಬರುವುದು. ಬೇಕಾದ್ದನ್ನೆಲ್ಲ ಇಲ್ಲಿಂದಲೇ ಕಟ್ಟಿಕೊಂಡು ಹೋಗಬಹುದು. ನೆಲೆಸುವುದು ಎಂದರೆ ಗಾಳಿ, ನೀರು, ಊಟ, ಕೆಟ್ಟುಹೋದ ಪಂಪಿನ ಬಿಡಿಭಾಗ, ಕೊನೆಗೆ ಮಕ್ಕಳ ಲಾಲನೆ ಪಾಲನೆ ಎಲ್ಲವೂ ಅಲ್ಲೇ ಆಗುವುದು. ಮೊದಲನೆಯದು ಕಷ್ಟ, ಆದರೆ ಅದರ ಲೆಕ್ಕ ಹೆಚ್ಚುಕಡಿಮೆ ಗೊತ್ತಿದೆ. ಎರಡನೆಯದರ ಅರ್ಧ ಲೆಕ್ಕವನ್ನು ಇನ್ನೂ ಯಾರೂ ಬಿಡಿಸಿಲ್ಲ.

26 ತಿಂಗಳಿಗೊಮ್ಮೆ ತೆರೆಯುವ ದಾರಿ

ಭೂಮಿ 365 ದಿನಗಳಲ್ಲಿ ಸೂರ್ಯನನ್ನು ಸುತ್ತಿದರೆ ಮಂಗಳಕ್ಕೆ 687 ದಿನ ಬೇಕು. ಹಾಗಾಗಿ ಎರಡರ ನಡುವಿನ ದೂರ ಒಂದೇ ಸಮನಾಗಿರುವುದಿಲ್ಲ. ಹತ್ತಿರ ಬಂದಾಗ ಸುಮಾರು 5.5 ಕೋಟಿ ಕಿಲೋಮೀಟರ್, ಸೂರ್ಯನ ಆಚೆಬದಿಗೆ ಹೋದಾಗ 40 ಕೋಟಿ. ಕಡಿಮೆ ಇಂಧನದಲ್ಲಿ ತಲುಪಬಹುದಾದ ಜೋಡಣೆ ಸುಮಾರು 26 ತಿಂಗಳಿಗೊಮ್ಮೆ ಕೂಡಿಬರುತ್ತದೆ. ನಮ್ಮ ಮಂಗಳಯಾನ 2013ರ ನವೆಂಬರ್ 5ರಂದು ಶ್ರೀಹರಿಕೋಟದಿಂದ ಹೊರಟಿತು. ಅದಾದ ಎರಡು ವಾರದೊಳಗೆ ನಾಸಾದ ಮೇವನ್ ನೌಕೆ ಹೊರಟಿತು. ಎರಡೂ 2014ರ ಸೆಪ್ಟೆಂಬರ್‌ನ ಒಂದೇ ವಾರದಲ್ಲಿ ಮಂಗಳ ತಲುಪಿದವು. ಎರಡೂ ದೇಶಗಳು ಕಾದಿದ್ದು ಒಂದೇ ಬಾಗಿಲು ತೆರೆಯಲಿ ಎಂದು.

ಮನುಷ್ಯರ ವಿಷಯದಲ್ಲಿ ಈ ಪಂಚಾಂಗ ಇನ್ನೂ ಬಿಗಿ. ಹೋಗಲು ಆರರಿಂದ ಒಂಬತ್ತು ತಿಂಗಳು. ವಾಪಸ್ ಬರುವ ದಾರಿ ತೆರೆಯುವವರೆಗೆ ಅಲ್ಲಿ ಸುಮಾರು 500 ದಿನ. ಮತ್ತೆ ಆರರಿಂದ ಒಂಬತ್ತು ತಿಂಗಳ ಪಯಣ. ಒಟ್ಟು ಎರಡೂವರೆಯಿಂದ ಮೂರು ವರ್ಷ. ಒಂದು ತಿಂಗಳಿದ್ದು ಬೇಗ ಹೊರಡುವ ಯೋಜನೆಗಳೂ ಇವೆ. ಆದರೆ ಆಗ ಇಂಧನ ಹೆಚ್ಚು ಬೇಕು, ಬಾಹ್ಯಾಕಾಶದಲ್ಲಿ ತೇಲುತ್ತ ಕಳೆಯುವ ದಿನಗಳೂ ಹೆಚ್ಚು.

ಬಾಹ್ಯಾಕಾಶ ನಿಲ್ದಾಣದಲ್ಲಿ ಯಾರಿಗಾದರೂ ಹುಷಾರು ತಪ್ಪಿದರೆ ಕೆಲವೇ ಗಂಟೆಗಳಲ್ಲಿ ಭೂಮಿಗೆ ಇಳಿಸಬಹುದು. ಮಂಗಳದಿಂದ ಅದು ಆಗದ ಮಾತು. ಫೋನಿನಲ್ಲಿ ಡಾಕ್ಟರನ್ನು ಕೇಳೋಣವೆಂದರೆ ಒಂದು ಕಡೆಗೆ ಸಂದೇಶ ಹೋಗಲು 3ರಿಂದ 22 ನಿಮಿಷ ಬೇಕು. ಸೂರ್ಯ ಮಧ್ಯೆ ಬಂದಾಗ ಸುಮಾರು ಎರಡು ವಾರ ಸಂಪರ್ಕವೇ ಸರಿಯಾಗಿ ಸಿಗುವುದಿಲ್ಲ.

ಇಳಿಯುವ ಏಳು ನಿಮಿಷ

ಮಂಗಳದ ಗಾಳಿ ನೌಕೆಯನ್ನು ಸುಡುವಷ್ಟಿದೆ, ನಿಲ್ಲಿಸುವಷ್ಟಿಲ್ಲ. 2021ರ ಫೆಬ್ರವರಿಯಲ್ಲಿ ಪರ್ಸಿವಿಯರೆನ್ಸ್ ಗಂಟೆಗೆ ಸುಮಾರು 19,500 ಕಿ.ಮೀ. ವೇಗದಲ್ಲಿ ಒಳಹೊಕ್ಕು, ಶಾಖ ತಡೆಯುವ ಕವಚ, 21.5 ಮೀಟರ್ ಅಗಲದ ಪ್ಯಾರಾಚೂಟ್, ಕೊನೆಗೆ ರಾಕೆಟ್ ಎಂಜಿನ್‌ಗಳಿದ್ದ ತೂಗುಯಂತ್ರ, ಇಷ್ಟನ್ನೂ ಬಳಸಿ ಏಳು ನಿಮಿಷದಲ್ಲಿ ನೆಲ ಮುಟ್ಟಿತು. ಅದರ ತೂಕ ಒಂದು ಟನ್ನಿಗಿಂತ ತುಸು ಹೆಚ್ಚು. ಮನುಷ್ಯರನ್ನು ಇಳಿಸುವ ನೌಕೆಗೆ 20 ಟನ್ ಆದರೂ ಬೇಕು. ಪ್ಯಾರಾಚೂಟನ್ನು ಇಪ್ಪತ್ತು ಪಟ್ಟು ದೊಡ್ಡದು ಮಾಡಿದರೆ ಮುಗಿಯಿತು ಎನ್ನುವಂತಿಲ್ಲ. ಅಷ್ಟು ದೊಡ್ಡ ಬಟ್ಟೆ ಶಬ್ದಕ್ಕಿಂತ ವೇಗದಲ್ಲಿ ಬಿಚ್ಚಿಕೊಳ್ಳುವಾಗ ಹರಿಯುತ್ತದೆ, ಬಿಚ್ಚಿಕೊಳ್ಳುವಷ್ಟು ಸಮಯವೂ ಇರುವುದಿಲ್ಲ. ಹಾಗಾಗಿ ನೌಕೆ ಇನ್ನೂ ಶಬ್ದಕ್ಕಿಂತ ವೇಗವಾಗಿ ಬೀಳುತ್ತಿರುವಾಗಲೇ ಎಂಜಿನ್ ಹೊತ್ತಿಸಿ ಬ್ರೇಕ್ ಹಾಕುವುದೇ ಈಗಿನ ಎಲ್ಲ ಯೋಜನೆಗಳ ದಾರಿ.

ಮನೆ ಎಂಬ ಟ್ಯಾಂಕು

ಕುಕ್ಕರಿನೊಳಗೆ ಒತ್ತಡ ಏರುವುದರಿಂದ ನೀರು 100 ಡಿಗ್ರಿಗೆ ಕುದಿಯದೆ 120ರ ಹತ್ತಿರ ಕುದಿಯುತ್ತದೆ. ಮಂಗಳದಲ್ಲಿ ಇದೇ ಲೆಕ್ಕ ತಿರುಗುಮುರುಗು. ಅಲ್ಲಿನ ಗಾಳಿಯ ಒತ್ತಡ ಭೂಮಿಯದರ ನೂರನೇ ಒಂದು ಭಾಗಕ್ಕಿಂತಲೂ ಕಡಿಮೆ. ಅಂಥ ಕಡೆ ನೀರು ಸೊನ್ನೆ ಡಿಗ್ರಿಯ ಆಸುಪಾಸಿನಲ್ಲೇ ಕುದಿದು ಆವಿಯಾಗುತ್ತದೆ. ರಕ್ಷಾ ಉಡುಪು ಹರಿದರೆ ನಾಲಿಗೆಯ ಮೇಲಿನ ಜೊಲ್ಲು ದೇಹದ ಬಿಸಿಗೇ ಕುದಿಯತೊಡಗುತ್ತದೆ, ಹತ್ತು ಹದಿನೈದು ಸೆಕೆಂಡಿನಲ್ಲಿ ಎಚ್ಚರ ತಪ್ಪುತ್ತದೆ. ಸರಾಸರಿ ತಾಪಮಾನ ಮೈನಸ್ 60 ಡಿಗ್ರಿಯ ಆಸುಪಾಸು ಎನ್ನುವುದು ಇದರ ಮುಂದೆ ಸಣ್ಣ ತೊಂದರೆ.

ಮನೆಯೊಳಗೆ ಉಸಿರಾಡುವಷ್ಟು ಗಾಳಿ ತುಂಬಿ, ಹೊರಗೆ ಏನೂ ಇಲ್ಲದಿದ್ದರೆ ಗೋಡೆಯ ಮೇಲೆ ಬೀಳುವ ಭಾರ ಎಷ್ಟು? ಭೂಮಿಯಷ್ಟೇ ಒತ್ತಡ ಇಟ್ಟುಕೊಂಡರೆ ಪ್ರತಿ ಚದರ ಮೀಟರಿಗೆ ಹತ್ತು ಟನ್, ಒಳಗಿನಿಂದ ಹೊರಕ್ಕೆ. ಸಾಮಾನ್ಯ ಮನೆಯ ಗೋಡೆ ಮೇಲಿನ ಭಾರ ಹೊರುತ್ತದೆ. ಇಲ್ಲಿನ ಗೋಡೆ ಸಿಡಿದುಹೋಗದಂತೆ ಹಿಡಿದುಕೊಳ್ಳಬೇಕು. ಒತ್ತಡವನ್ನು ಸುಮಾರು ಅರ್ಧಕ್ಕೆ ಇಳಿಸಿ ಆಮ್ಲಜನಕದ ಪಾಲನ್ನು 34 ಶೇಕಡಕ್ಕೆ ಏರಿಸುವ ವಿಧಾನವನ್ನು ನಾಸಾ ಪರಿಶೀಲಿಸಿದೆ. ಗೋಡೆಯ ಭಾರ ಇಳಿಯುತ್ತದೆ, ಹೊರಗೆ ಹೋಗುವ ಮೊದಲು ಉಡುಪಿನ ಕಡಿಮೆ ಒತ್ತಡಕ್ಕೆ ಮೈ ಒಗ್ಗಿಸಲು ಬೇಕಾದ ಸಮಯವೂ ಉಳಿಯುತ್ತದೆ. ಆದರೆ ಆಮ್ಲಜನಕದ ಪಾಲು ಹೆಚ್ಚಿದಷ್ಟೂ ಬೆಂಕಿ ಬೇಗ ಹತ್ತುತ್ತದೆ. ಒಂದು ಕಡೆ ಹಗುರವಾದರೆ ಇನ್ನೊಂದು ಕಡೆ ಭಾರ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ತಂಡವೊಂದು ಮಂಗಳದ ಮಣ್ಣನ್ನು ಹೋಲುವ ಪುಡಿಯಿಂದ ಇಟ್ಟಿಗೆ ಮಾಡಿ 2022ರಲ್ಲಿ ಪ್ರಕಟಿಸಿತು. ಪುಡಿಗೆ ಗೋರಿಕಾಯಿ ಬೀಜದ ಅಂಟು, ಯೂರಿಯಾ, ಒಂದು ಬಗೆಯ ಬ್ಯಾಕ್ಟೀರಿಯಾ, ಜೊತೆಗೆ ನಿಕಲ್ ಕ್ಲೋರೈಡ್ ಸೇರಿಸಿ ಅಚ್ಚಿಗೆ ಹಾಕಿದರು. ಬ್ಯಾಕ್ಟೀರಿಯಾ ಯೂರಿಯಾವನ್ನು ಒಡೆದು ಸುಣ್ಣದ ಹರಳು ಕಟ್ಟುತ್ತದೆ, ಆ ಹರಳು ಮಣ್ಣಿನ ಕಣಗಳನ್ನು ಬೆಸೆಯುತ್ತದೆ. ನಿಕಲ್ ಯಾಕೆ? ಆ ಮಣ್ಣಿನಲ್ಲಿ ಕಬ್ಬಿಣದ ಅಂಶ ಹೆಚ್ಚು, ಅದು ಬ್ಯಾಕ್ಟೀರಿಯಾಕ್ಕೆ ವಿಷ. ನಿಕಲ್ ಕ್ಲೋರೈಡ್ ಸೇರಿಸಿದ ಮೇಲಷ್ಟೇ ಅದು ಬದುಕಿ ಕೆಲಸ ಮಾಡಿತು. ಒಳ್ಳೆಯ ಕೆಲಸವೇ. ಆದರೆ ಇಟ್ಟಿಗೆ ಎಂಬುದು ಒತ್ತಿದರೆ ತಡೆಯುತ್ತದೆ, ಎಳೆದರೆ ಬಿರಿಯುತ್ತದೆ. ಆದ್ದರಿಂದ ಗಾಳಿ ಹಿಡಿಯುವ ಟ್ಯಾಂಕು ಲೋಹದ್ದೋ ಗಟ್ಟಿ ನಾರಿನದೋ ಆಗಬೇಕು. ಇಟ್ಟಿಗೆ ಮತ್ತು ಮಣ್ಣು ಅದರ ಮೇಲಿನ ಹೊದಿಕೆ. ಮಣ್ಣಿನ ಭಾರವೊಂದರಿಂದಲೇ ಒಳಗಿನ ಒತ್ತಡವನ್ನು ಸರಿದೂಗಿಸಲು ಹೊರಟರೆ, ಅಲ್ಲಿನ ಗುರುತ್ವ ಕಡಿಮೆ ಇರುವುದರಿಂದ ಅರ್ಧ ಒತ್ತಡಕ್ಕೂ ಹತ್ತು ಮೀಟರಿನಷ್ಟು ದಪ್ಪ ಮಣ್ಣು ಬೇಕಾಗುತ್ತದೆ.

ಆಮ್ಲಜನಕ: 122 ಗ್ರಾಮ್‌ನಿಂದ 25 ಟನ್‌ಗೆ

ಮಂಗಳದ ಗಾಳಿಯಲ್ಲಿ ಶೇ. 95 ಇಂಗಾಲದ ಡೈಆಕ್ಸೈಡ್. ಇದರಿಂದ ಆಮ್ಲಜನಕ ಬೇರ್ಪಡಿಸಬಹುದೆಂದು ಕಾಗದದ ಮೇಲೆ ಬಹಳ ಹಿಂದೆಯೇ ಗೊತ್ತಿತ್ತು. ಅಲ್ಲೇ ಮಾಡಿ ತೋರಿಸಿದ್ದು ಪರ್ಸಿವಿಯರೆನ್ಸ್ ಹೊಟ್ಟೆಯಲ್ಲಿದ್ದ ಮಾಕ್ಸಿ ಎಂಬ 17 ಕಿಲೋ ಪೆಟ್ಟಿಗೆ.

ಅದು ಕೆಲಸ ಮಾಡುವ ಬಗೆ ಹೀಗೆ. ಮೊದಲು ಧೂಳು ಸೋಸಿ ಹೊರಗಿನ ಗಾಳಿಯನ್ನು ಒಳಗೆಳೆದು ಕಂಪ್ರೆಸರ್‌ನಿಂದ ಒತ್ತುತ್ತದೆ. ಆಮೇಲೆ 800 ಡಿಗ್ರಿಗೆ ಕಾಯಿಸಿ, ಸೆರಾಮಿಕ್ ಫಲಕಗಳ ಮೂಲಕ ಹಾಯಿಸಿ, ವಿದ್ಯುತ್ ಕೊಡುತ್ತದೆ. ಡೈಆಕ್ಸೈಡಿನ ಎರಡು ಆಮ್ಲಜನಕ ಪರಮಾಣುಗಳಲ್ಲಿ ಒಂದು ಕಳಚಿಕೊಂಡು ಫಲಕದ ಆಚೆಬದಿಗೆ ದಾಟುತ್ತದೆ. ಉಳಿದ ಕಾರ್ಬನ್ ಮೋನಾಕ್ಸೈಡ್ ಹೊರಗೆ ಹೋಗುತ್ತದೆ. ಇಲ್ಲಿ ಎಚ್ಚರ ವಹಿಸಬೇಕಾದ್ದು ವೋಲ್ಟೇಜಿನ ವಿಷಯದಲ್ಲಿ. ಆಸೆಗೆ ಬಿದ್ದು ಏರಿಸಿದರೆ ಮೋನಾಕ್ಸೈಡೂ ಒಡೆದು ಶುದ್ಧ ಇಂಗಾಲ ಉಳಿಯುತ್ತದೆ. ಅದು ಮಸಿಯಂತೆ ಫಲಕಕ್ಕೆ ಕೂತರೆ ಯಂತ್ರ ಕೆಟ್ಟ ಹಾಗೆಯೇ.

2021ರ ಏಪ್ರಿಲ್‌ನಿಂದ 2023ರವರೆಗೆ 16 ಬಾರಿ ಓಡಿಸಿ ಮಾಕ್ಸಿ ಒಟ್ಟು 122 ಗ್ರಾಮ್ ಆಮ್ಲಜನಕ ತಯಾರಿಸಿತು. ಗರಿಷ್ಠ ವೇಗ ಗಂಟೆಗೆ 12 ಗ್ರಾಮ್. ಒಬ್ಬ ಮನುಷ್ಯನಿಗೆ ದಿನಕ್ಕೆ ಸುಮಾರು 840 ಗ್ರಾಮ್ ಬೇಕು. ಆದರೆ ದೊಡ್ಡ ಖರ್ಚು ಉಸಿರಾಟದ್ದಲ್ಲ, ವಾಪಸ್ ಬರುವ ರಾಕೆಟ್ಟಿನದು. ಮಂಗಳದ ನೆಲದಿಂದ ನಾಲ್ವರನ್ನು ಮೇಲೆತ್ತಲು 7 ಟನ್ ಇಂಧನವೂ ಅದನ್ನು ಉರಿಸಲು 25 ಟನ್ ಆಮ್ಲಜನಕವೂ ಬೇಕೆಂಬುದು ನಾಸಾದ ಅಂದಾಜು. ಅದೇ ನಾಲ್ವರು ವರ್ಷವಿಡೀ ಉಸಿರಾಡಲು ಒಂದು ಟನ್ ಸುತ್ತಮುತ್ತ ಸಾಕು. ಮಾಕ್ಸಿಯ ಗರಿಷ್ಠ ವೇಗದಲ್ಲೇ ಬಿಡುವಿಲ್ಲದೆ ಓಡಿಸಿದರೂ 25 ಟನ್ ತುಂಬಲು 230 ವರ್ಷ ದಾಟುತ್ತದೆ. ಮುಂದಿನ ಯಂತ್ರ ಗಂಟೆಗೆ 2–3 ಕಿಲೋ ಕೊಡಬೇಕು, ಒಂದು ವರ್ಷಕ್ಕೂ ಹೆಚ್ಚು ಕಾಲ ನಿಲ್ಲದೆ ಓಡಬೇಕು, ಮನುಷ್ಯರು ಭೂಮಿ ಬಿಡುವ ಮೊದಲೇ ಟ್ಯಾಂಕ್ ತುಂಬಿಟ್ಟಿರಬೇಕು.

ಅದಕ್ಕೆ ವಿದ್ಯುತ್ ಎಲ್ಲಿಂದ? ಮಂಗಳಕ್ಕೆ ಬರುವ ಬಿಸಿಲು ನಮ್ಮದರ ಶೇ. 43 ಮಾತ್ರ, ಮೇಲೆ ಧೂಳಿನ ಕಾಟ. ಇನ್‌ಸೈಟ್ ನೌಕೆಯ ಸೌರಫಲಕಗಳು 2018ರಲ್ಲಿ ಇಳಿದಾಗ ದಿನಕ್ಕೆ 5,000 ವ್ಯಾಟ್-ಗಂಟೆ ಕೊಡುತ್ತಿದ್ದವು. 2022ರ ಮೇ ಹೊತ್ತಿಗೆ ಧೂಳು ಕೂತು 500ಕ್ಕೆ ಇಳಿದಿದ್ದವು. ಆ ವರ್ಷಾಂತ್ಯಕ್ಕೆ ನೌಕೆ ಮೌನವಾಯಿತು. ಆಪರ್ಚುನಿಟಿ ರೋವರನ್ನು 2018ರಲ್ಲಿ ಕೊಂದಿದ್ದೂ ಗ್ರಹವಿಡೀ ಕವಿದ ಧೂಳಿನ ಬಿರುಗಾಳಿಯೇ. ಮನುಷ್ಯರ ಉಸಿರು ಇದರ ಮೇಲೆ ನಿಂತಿದ್ದರೆ ಸಣ್ಣ ಅಣು ಸ್ಥಾವರ ಜೊತೆಗಿರಲೇಬೇಕು. ಅಂಥದೊಂದರ ಮಾದರಿಯನ್ನು ಅಮೆರಿಕ 2018ರಲ್ಲಿ ನೆವಾಡಾದಲ್ಲಿ 28 ಗಂಟೆ ಪೂರ್ಣ ಶಕ್ತಿಯಲ್ಲಿ ಓಡಿಸಿ ನೋಡಿದೆ.

ಮುಚ್ಚಿದ ಗಾಜಿನ ಮನೆಯಲ್ಲಿ ಗಾಳಿ ಕಾಣೆಯಾದ ಬಗೆ

ಯಂತ್ರವನ್ನು ಬಿಟ್ಟು ಗಿಡಮರಗಳಿಂದಲೇ ಗಾಳಿ, ಊಟ ಪಡೆಯಬಹುದಲ್ಲ ಎಂಬ ಪ್ರಶ್ನೆ ಸಹಜ. ಅದನ್ನು ಭೂಮಿಯ ಮೇಲೆಯೇ ಒಮ್ಮೆ ಪರೀಕ್ಷಿಸಿದ್ದಾರೆ. ಅಮೆರಿಕದ ಅರಿಜೋನಾದ ಬಯೋಸ್ಫಿಯರ್ 2 ಎಂಬ ಮೂರು ಎಕರೆಯ ಗಾಜಿನ ಕಟ್ಟಡದೊಳಗೆ 1991ರ ಸೆಪ್ಟೆಂಬರ್ 26ರಂದು ಎಂಟು ಜನ ಹೊಕ್ಕು ಬಾಗಿಲು ಹಾಕಿಕೊಂಡರು. ಒಳಗೆ ಹೊಲ, ಪುಟ್ಟ ಮಳೆಕಾಡು, ಕೃತಕ ಸಮುದ್ರ. ಎರಡು ವರ್ಷ ಹೊರಗಿನಿಂದ ಏನೂ ತರಿಸದೆ ಬದುಕಬೇಕೆಂಬುದು ಗುರಿ.

ಹದಿನಾರು ತಿಂಗಳಲ್ಲಿ ಒಳಗಿನ ಆಮ್ಲಜನಕ ಶೇ. 20.9ರಿಂದ 14ರ ಆಸುಪಾಸಿಗೆ ಇಳಿಯಿತು. ಅದು 4,000 ಮೀಟರ್ ಎತ್ತರದ ಬೆಟ್ಟದ ಮೇಲೆ ಬದುಕಿದಂತೆ. ಮೆಟ್ಟಿಲು ಹತ್ತಿದರೆ ಏದುಸಿರು, ರಾತ್ರಿ ನಿದ್ದೆಯಿಲ್ಲ. 1993ರ ಜನವರಿಯಲ್ಲಿ ಹೊರಗಿನಿಂದ ಆಮ್ಲಜನಕ ತುಂಬಬೇಕಾಯಿತು.

ತಪ್ಪಿದ್ದು ಎಲ್ಲಿ? ಬೆಳೆ ಚೆನ್ನಾಗಿ ಬರಲೆಂದು ಹೊಲಕ್ಕೆ ಗೊಬ್ಬರ ಧಾರಾಳವಾಗಿ ಹಾಕಿದ್ದರು. ಅದನ್ನು ಕೊಳೆಸುವ ಸೂಕ್ಷ್ಮಜೀವಿಗಳು ಗಿಡಗಳು ಬಿಡುಗಡೆ ಮಾಡಿದ್ದಕ್ಕಿಂತ ಹೆಚ್ಚು ಆಮ್ಲಜನಕ ನುಂಗಿ ಡೈಆಕ್ಸೈಡ್ ಉಗುಳಿದವು. ಹಾಗಿದ್ದರೆ ಒಳಗೆ ಡೈಆಕ್ಸೈಡ್ ವಿಪರೀತ ಏರಬೇಕಿತ್ತು, ಅಷ್ಟು ಏರಿರಲಿಲ್ಲ. ಕೊಲಂಬಿಯಾ ವಿಶ್ವವಿದ್ಯಾಲಯದ ಜೆಫ್ರಿ ಸೆವರಿಂಗ್‌ಹಾಸ್, ವಾಲೇಸ್ ಬ್ರೋಕರ್ ಮೊದಲಾದವರು ಹುಡುಕಿದಾಗ ಅದು ಸಿಕ್ಕಿದ್ದು ಗೋಡೆಯಲ್ಲಿ. ಬಣ್ಣ ಬಳಿಯದೆ ಬಿಟ್ಟಿದ್ದ ಕಾಂಕ್ರೀಟ್ ಡೈಆಕ್ಸೈಡನ್ನು ಹೀರಿ ಸುಣ್ಣದ ಕಲ್ಲಾಗಿ ಕಟ್ಟಿಕೊಂಡಿತ್ತು. ಗಿಡಗಳಿಗೆ ಹೋಗಿ ಮತ್ತೆ ಆಮ್ಲಜನಕವಾಗಿ ಬರಬೇಕಿದ್ದದ್ದು ಕಾಂಕ್ರೀಟಿನಲ್ಲಿ ಸೆರೆಯಾಗಿತ್ತು. ಇನ್ನು ಊಟ: ಅರ್ಧ ಎಕರೆಯಷ್ಟು ಹೊಲದಲ್ಲಿ ಎಂಟು ಜನ ದುಡಿದು ಬೆಳೆದದ್ದು ಆಹಾರದ ಬಹುಪಾಲನ್ನು ಪೂರೈಸಿತಾದರೂ ಎಲ್ಲರ ತೂಕ ಇಳಿಯಿತು. ಪರಾಗ ಸಾಗಿಸುವ ಕೀಟಗಳು ಸತ್ತವು, ಇರುವೆ ಮತ್ತು ಜಿರಳೆಗಳು ತುಂಬಿಕೊಂಡವು.

ಈ ಪ್ರಯೋಗವನ್ನು ಆಗ ಬಹಳ ಜನ ಗೇಲಿ ಮಾಡಿದರು. ನೆಲೆಸುವ ಯೋಜನೆ ಹಾಕುವವರಿಗೆ ಇಷ್ಟು ಉಪಯುಕ್ತವಾದ ಇನ್ನೊಂದು ಪ್ರಯೋಗ ಸಿಗುವುದು ಕಷ್ಟ. ಕಟ್ಟಡದ ಗೋಡೆಯೂ ಉಸಿರಾಟದ ಲೆಕ್ಕದೊಳಗೆ ಬರುತ್ತದೆ ಎಂಬುದನ್ನು ಇನ್ನಾವ ನಕ್ಷೆಯೂ ಹೇಳಿರಲಿಲ್ಲ. ಅರಿಜೋನಾದಲ್ಲಿ ಹೊರಗೆ ಗಾಳಿ ಇತ್ತು, ಅದೊಂದೇ ಪುಣ್ಯ.

ನೀರಿದೆ, ಮಣ್ಣಿನಲ್ಲಿ ವಿಷವೂ ಇದೆ

2008ರಲ್ಲಿ ಫೀನಿಕ್ಸ್ ನೌಕೆ ಮಂಗಳದ ಉತ್ತರ ಭಾಗದಲ್ಲಿ ಕೆಲವೇ ಸೆಂಟಿಮೀಟರ್ ಕೆರೆದಾಗ ಹಿಮ ಸಿಕ್ಕಿತು. ಅದೇ ನೌಕೆ ಮಣ್ಣಿನಲ್ಲಿ ಪರ್ಕ್ಲೋರೇಟ್ ಎಂಬ ಲವಣವನ್ನೂ ಕಂಡುಹಿಡಿಯಿತು, ಶೇ. ಅರ್ಧದಿಂದ ಒಂದರಷ್ಟು. ಇದು ಥೈರಾಯ್ಡ್ ಗ್ರಂಥಿ ಅಯೋಡಿನ್ ಹೀರುವುದನ್ನು ತಡೆಯುತ್ತದೆ. ನೀರಿನಲ್ಲಿ ಕರಗುವುದರಿಂದ ಮಣ್ಣು ತೊಳೆದು ತೆಗೆಯಬಹುದು, ಆಮೇಲೆ ಆ ನೀರನ್ನೂ ಶುದ್ಧೀಕರಿಸಬೇಕು. ಹೊಲದ ಮಣ್ಣಿಗಿಂತ ದೊಡ್ಡ ತಲೆನೋವು ಉಡುಪಿಗೆ ಅಂಟಿ ಮನೆಯೊಳಗೆ ಬರುವ ನುಣ್ಣನೆಯ ಧೂಳು.

ಕೊಂಡೊಯ್ದ ನೀರನ್ನು ಮತ್ತೆ ಮತ್ತೆ ಬಳಸುವ ಕೆಲಸದಲ್ಲಿ ಬಾಹ್ಯಾಕಾಶ ನಿಲ್ದಾಣ ಬಹಳ ಮುಂದೆ ಹೋಗಿದೆ. ಬೆವರು, ಉಸಿರಿನ ತೇವ, ಮೂತ್ರ ಎಲ್ಲ ಸೇರಿ ಶೇ. 98ರಷ್ಟು ನೀರು ಮರಳಿ ಸಿಗುತ್ತದೆಂದು 2023ರಲ್ಲಿ ನಾಸಾ ಹೇಳಿತು. ಅಲ್ಲಿಗೆ ತಲುಪುವ ದಾರಿಯಲ್ಲಿ ಒಂದು ಪೆಟ್ಟು ಬಿದ್ದಿತ್ತು. 2009ರಲ್ಲಿ ಮೂತ್ರ ಶುದ್ಧೀಕರಿಸುವ ಯಂತ್ರ ಕಟ್ಟಿಕೊಂಡು ನಿಂತಿತು. ತೂಕವಿಲ್ಲದ ಸ್ಥಿತಿಯಲ್ಲಿ ಮೂಳೆ ಸವೆದು ಯಾತ್ರಿಗಳ ಮೂತ್ರದಲ್ಲಿ ಕ್ಯಾಲ್ಸಿಯಂ ಹೆಚ್ಚಾಗಿತ್ತು. ಮೂತ್ರ ಕೆಡದಿರಲು ಬೆರೆಸುತ್ತಿದ್ದ ಸಲ್ಫ್ಯೂರಿಕ್ ಆಮ್ಲದ ಜೊತೆ ಅದು ಸೇರಿ ಜಿಪ್ಸಂ ಆಗಿ ಗಟ್ಟಿಯಾಯಿತು. ಆಮೇಲೆ ಆಮ್ಲವನ್ನೇ ಬದಲಿಸಬೇಕಾಯಿತು. ಇಂಥ ತೊಡಕು ನೆಲದ ಮೇಲಿನ ಪ್ರಯೋಗಾಲಯದಲ್ಲಿ ತಲೆದೋರುವುದೇ ಇಲ್ಲ, ಇಲ್ಲಿನವರ ಮೂಳೆ ಹಾಗೆ ಸವೆಯುವುದಿಲ್ಲವಲ್ಲ.

ದೇಹ ಎಷ್ಟು ತಡೆದೀತು

ತೂಕವಿಲ್ಲದೆ ತೇಲುತ್ತಿದ್ದರೆ ಸೊಂಟ, ತೊಡೆಯ ಮೂಳೆಗಳು ತಿಂಗಳಿಗೆ ಶೇ. 1ರಿಂದ 1.5ರಷ್ಟು ಸಾಂದ್ರತೆ ಕಳೆದುಕೊಳ್ಳುತ್ತವೆ. ದಿನಕ್ಕೆ ಎರಡು ಗಂಟೆಯ ವ್ಯಾಯಾಮದಿಂದ ಇದನ್ನು ಬಹುಮಟ್ಟಿಗೆ ತಡೆಯಬಹುದು. ಮಂಗಳದ ಗುರುತ್ವ ಭೂಮಿಯದರ ಶೇ. 38. ಅಷ್ಟಿದ್ದರೆ ಮೂಳೆಗೆ ಸಾಕೇ, ಸಾಲದೇ? ಇದಕ್ಕೆ ಉತ್ತರ ಕೊಡಬಲ್ಲ ಅನುಭವ ಯಾವ ಮನುಷ್ಯನಿಗೂ ಇಲ್ಲ. ಭೂಮಿಗಿಂತ ಕಡಿಮೆ ಗುರುತ್ವವಿರುವ ನೆಲದ ಮೇಲೆ ಅತಿ ಹೆಚ್ಚು ಕಾಲ ಇದ್ದವರು 1972ರ ಅಪೊಲೊ 17ರ ಇಬ್ಬರು, ಅದೂ ಚಂದ್ರನ ಮೇಲೆ ಮೂರು ದಿನ. ಬಸಿರು, ಹೆರಿಗೆ, ಮಗುವಿನ ಬೆಳವಣಿಗೆ ಅಂಥ ಗುರುತ್ವದಲ್ಲಿ ಹೇಗೆ ನಡೆದೀತು ಎಂಬುದಂತೂ ಪೂರಾ ಕತ್ತಲು. ಹೋಗಿಬರುವವರಿಗೆ ಇದು ಅಡ್ಡಿಯಲ್ಲ. ನೆಲೆಸಲು ಹೊರಟವರಿಗೆ ಮೊದಲ ಪ್ರಶ್ನೆ ಇದೇ ಆಗಬೇಕು.

ವಿಕಿರಣದ ಅಳತೆಗಳು ಮಾತ್ರ ನಮ್ಮ ಕೈಯಲ್ಲಿವೆ. ಕ್ಯೂರಿಯಾಸಿಟಿ ರೋವರಿನ ಉಪಕರಣ ದಾರಿಯಲ್ಲಿ ದಿನಕ್ಕೆ ಸುಮಾರು 1.8 ಮಿಲಿಸೀವರ್ಟ್ (ಮೈಗೆ ತಗಲುವ ವಿಕಿರಣದ ಅಳತೆ), ಮಂಗಳದ ನೆಲದಲ್ಲಿ 0.67 ಅಳೆಯಿತು. ಭೂಮಿಯ ಮೇಲೆ ನಿಸರ್ಗದಿಂದ ನಮಗೆ ಬೀಳುವುದು ಸರಾಸರಿ ವರ್ಷಕ್ಕೆ 2.4. ಒಂದು ವರ್ಷ ಪಯಣ, 500 ದಿನ ವಾಸ ಎಂದಿಟ್ಟುಕೊಂಡರೆ ಮೊತ್ತ 1,000ದ ಹತ್ತಿರ ಬರುತ್ತದೆ. ನಾಸಾ ತನ್ನ ಯಾತ್ರಿಗಳಿಗೆ ಇಡೀ ವೃತ್ತಿಜೀವನಕ್ಕೆ ಹಾಕಿರುವ ಮಿತಿ 600. ಎರಡು ಮೂರು ಮೀಟರ್ ಮಣ್ಣಿನಡಿ ಮನೆ ಮಾಡಿಕೊಂಡರೆ ನೆಲದ ಮೇಲಿನ ಪಾಲು ತಗ್ಗುತ್ತದೆ. ಹಾಗಾಗಿ ಚಿತ್ರಗಳಲ್ಲಿ ಕಾಣುವ ಗಾಜಿನ ಗುಮ್ಮಟಗಳನ್ನು ನಂಬಬೇಡಿ. ಅಲ್ಲಿ ಮನೆ ಎಂದರೆ ನೆಲಮಾಳಿಗೆ.

ಹಾಗಾದರೆ ಹೋಗುವುದರಿಂದ ಏನು ಲಾಭ

ಹೋಗಬೇಕೆನ್ನುವವರ ಗಟ್ಟಿ ವಾದ ವಿಜ್ಞಾನದ್ದು. ಕ್ಯೂರಿಯಾಸಿಟಿ 2012ರಲ್ಲಿ ಇಳಿದು 2025ರವರೆಗೆ ಓಡಿದ್ದು ಸುಮಾರು 35 ಕಿ.ಮೀ. ಅಪೊಲೊ 17ರ ಇಬ್ಬರು ಚಂದ್ರನ ಮೇಲೆ ಅಷ್ಟೇ ದೂರವನ್ನು ಮೂರು ದಿನದಲ್ಲಿ ಗಾಡಿಯಲ್ಲಿ ಸುತ್ತಿ, ಕಲ್ಲು ಆರಿಸಿ ತಂದರು. ಯಾವ ಕಲ್ಲು ಒಡೆಯಬೇಕೆಂದು ಕಣ್ಣಿನಿಂದ ನೋಡಿ ನಿರ್ಧರಿಸುವ ಭೂವಿಜ್ಞಾನಿಗೆ ರೋವರ್ ಸಾಟಿಯಲ್ಲ. ಎದುರುವಾದ ಖರ್ಚಿನದು: ಮಂಗಳಯಾನಕ್ಕೆ ಆಗಿದ್ದು ಸುಮಾರು 450 ಕೋಟಿ ರೂಪಾಯಿ. ರೋಬಾಟ್‌ಗೆ ಊಟ, ಉಸಿರು, ವಾಪಸ್ ಟಿಕೆಟ್ ಬೇಡ. ಮನುಷ್ಯಯಾತ್ರೆಯ ಖರ್ಚು ಇದರ ಎಷ್ಟೋ ಸಾವಿರ ಪಟ್ಟು ಎಂಬುದರಲ್ಲಿ ಅನುಮಾನವಿಲ್ಲ.

ನೆಲೆಸಬೇಕೆನ್ನುವವರು ಮುಂದಿಡುವುದು ಬೇರೆ ಕಾರಣ: ಭೂಮಿಗೆ ದೊಡ್ಡ ಆಪತ್ತು ಬಂದರೆ ಮನುಕುಲ ಇನ್ನೊಂದು ಕಡೆ ಉಳಿದಿರಲಿ. ಈ ವಾದಕ್ಕೆ ಒಂದು ಷರತ್ತಿದೆ. ಭೂಮಿಯಿಂದ ಸರಕು ಬರುವುದು ನಿಂತರೂ ಆ ಊರು ಬದುಕಬೇಕು. ಎಂದರೆ ಔಷಧಿ, ಕಂಪ್ಯೂಟರ್ ಚಿಪ್, ಕೈಗವಸಿನ ರಬ್ಬರು, ವಾಲ್ವಿನ ಸೀಲು ಎಲ್ಲವನ್ನೂ ಅಲ್ಲೇ ಮಾಡಿಕೊಳ್ಳಬೇಕು. ಅಲ್ಲಿಯವರೆಗೆ ಅದು ಭೂಮಿಗೆ ಆತುಕೊಂಡ ಶಿಬಿರ, ಭೂಮಿ ಮುಳುಗಿದರೆ ಜೊತೆಗೇ ಮುಳುಗುವಂಥದ್ದು. ಇನ್ನೊಂದು ಮಾತು: 6.6 ಕೋಟಿ ವರ್ಷಗಳ ಹಿಂದೆ ಡೈನೋಸಾರ್‌ಗಳನ್ನು ಅಳಿಸಿದ ಕ್ಷುದ್ರಗ್ರಹ ಬಿದ್ದ ಮರುದಿನವೂ ಭೂಮಿಯಲ್ಲಿ ಉಸಿರಾಡುವ ಗಾಳಿ ಇತ್ತು. ಸಣ್ಣ ಸಸ್ತನಿಗಳು ಉಳಿದುಕೊಂಡಿದ್ದವು. ಮಂಗಳದ ಅತ್ಯುತ್ತಮ ದಿನದಲ್ಲೂ ಅಂಥ ಗಾಳಿಯಿಲ್ಲ. ಇಡೀ ಗ್ರಹವನ್ನೇ ಬಿಸಿ ಮಾಡಿ ಗಾಳಿ ತುಂಬುವ ಕನಸಿನ ಬಗ್ಗೆ 2018ರಲ್ಲಿ ವಿಜ್ಞಾನಿಗಳಾದ ಬ್ರೂಸ್ ಜಾಕೋಸ್ಕಿ, ಕ್ರಿಸ್ಟಫರ್ ಎಡ್ವರ್ಡ್ಸ್ ಲೆಕ್ಕ ಹಾಕಿದರು. ಮಂಗಳದಲ್ಲಿ ಸುಲಭವಾಗಿ ಸಿಗುವ ಡೈಆಕ್ಸೈಡ್ ಎಲ್ಲವನ್ನೂ ಬಿಡಿಸಿದರೂ ಅದಕ್ಕೆ ಸಾಲದು ಎಂದು ತೇಲಿತು.

ನೆಲ ಯಾರದು, ಕೊಳೆ ಯಾರದು

1967ರ ಬಾಹ್ಯಾಕಾಶ ಒಪ್ಪಂದದ ಪ್ರಕಾರ ಚಂದ್ರನನ್ನಾಗಲಿ ಬೇರೆ ಗ್ರಹವನ್ನಾಗಲಿ ಯಾವ ದೇಶವೂ ತನ್ನದೆನ್ನುವಂತಿಲ್ಲ. ಭಾರತವೂ ಇದಕ್ಕೆ ಬದ್ಧ. ಖಾಸಗಿ ಕಂಪನಿ ಹೋದರೂ ಅದಕ್ಕೆ ಅನುಮತಿ ಕೊಟ್ಟು ನಿಗಾ ಇಡುವ ಹೊಣೆ ಅದರ ದೇಶದ್ದೇ. ಅಲ್ಲಿ ಅಗೆದ ಹಿಮ ಅಥವಾ ಖನಿಜ ಯಾರದು ಎಂಬಲ್ಲಿ ಜಗಳವಿದೆ. ಅಗೆದವರದು ಎಂದು ಅಮೆರಿಕ 2015ರಲ್ಲಿ ತನ್ನ ಕಾನೂನಿನಲ್ಲಿ ಬರೆದುಕೊಂಡಿತು. 2023ರಲ್ಲಿ ಭಾರತ ಸಹಿ ಹಾಕಿದ, ಅಮೆರಿಕದ ಮುಂದಾಳತ್ವದ ಆರ್ಟೆಮಿಸ್ ಒಡಂಬಡಿಕೆಯೂ ಸಂಪನ್ಮೂಲ ತೆಗೆದ ಮಾತ್ರಕ್ಕೆ ನೆಲ ಕಬಳಿಸಿದಂತಲ್ಲ ಎನ್ನುತ್ತದೆ. ಎಲ್ಲ ದೇಶಗಳೂ ಇದನ್ನು ಒಪ್ಪಿಲ್ಲ.

ಅದೇ 1967ರ ಒಪ್ಪಂದ ಬೇರೆ ಗ್ರಹಗಳನ್ನು ಹಾನಿಯಾಗುವಂತೆ ಮಲಿನಗೊಳಿಸಬಾರದೆಂದೂ ಹೇಳುತ್ತದೆ. ಮಂಗಳದಲ್ಲಿ ಇಳಿಯುವ ಸಾಮಾನ್ಯ ನೌಕೆಯ ಮೇಲ್ಮೈಯಲ್ಲಿ 3 ಲಕ್ಷಕ್ಕಿಂತ ಹೆಚ್ಚು ಬ್ಯಾಕ್ಟೀರಿಯಾ ಬೀಜಕಗಳು ಇರಬಾರದೆಂಬುದು ಅಂತರರಾಷ್ಟ್ರೀಯ ಮಾರ್ಗಸೂಚಿ. ಅದಕ್ಕಾಗಿ ಭಾಗಗಳನ್ನು ಒರೆಸುತ್ತಾರೆ, ಒಲೆಯಲ್ಲಿ ಕಾಯಿಸುತ್ತಾರೆ. ಮನುಷ್ಯನನ್ನು ಹಾಗೆ ಕಾಯಿಸಲಾಗದು. ಒಬ್ಬರ ಮೈಯಲ್ಲೇ ಸುಮಾರು 38 ಲಕ್ಷ ಕೋಟಿ ಬ್ಯಾಕ್ಟೀರಿಯಾ ಇರುತ್ತವೆ, ಯಾವ ಮನೆಯೂ ಯಾವ ಉಡುಪೂ ಸೋರದೆ ಇರುವುದಿಲ್ಲ. ಜನ ಹೋದ ಮೇಲೆ ಮಂಗಳದಲ್ಲಿ ಜೀವ ಸಿಕ್ಕಿತೆಂದರೆ ಅದು ಅಲ್ಲಿಯದೋ ನಮ್ಮ ಜೊತೆ ಹೋದದ್ದೋ ಎಂದು ಬೇರ್ಪಡಿಸುವುದು ಬಲು ಕಷ್ಟವಾಗುತ್ತದೆ. ಇಕ್ಕಟ್ಟು ಇರುವುದು ಜಾಗದ ಆಯ್ಕೆಯಲ್ಲಿ. ಕುಡಿಯಲು, ಇಂಧನ ಮಾಡಲು ಹಿಮ ಬೇಕಾದ್ದರಿಂದ ನೆಲೆಸುವವರು ಅರ್ಕೇಡಿಯಾ, ಯುಟೋಪಿಯಾ ಬಯಲುಗಳಂಥ ಹಿಮವಿರುವ ಜಾಗಗಳನ್ನು ಕೇಳುತ್ತಾರೆ. ಮಂಗಳದ್ದೇ ಆದ ಜೀವ ಇನ್ನೂ ಎಲ್ಲಾದರೂ ಉಳಿದಿದ್ದರೆ ಮೊದಲು ಹುಡುಕಬೇಕಾದದ್ದೂ, ಅದಕ್ಕಾಗಿ ಮುಟ್ಟದೆ ಕಾಯಬೇಕಾದದ್ದೂ ನೀರಿನ ಅಂಶವಿರುವ ಅಂಥ ಜಾಗಗಳನ್ನೇ.